ಕುರ್ಚಿ ಕೊಟ್ಟರೆ ಸಾಕೇ ಸ್ವಾಮಿ?

ಆಸ್ಪತ್ರೆಗಳಲ್ಲಿ ಹೊಸ ಔಷಧಿಯನ್ನು ಜನರ ಮೇಲೆ ಪ್ರಯೋಗ ಮಾಡುವ ಮುಂಚೆ ಎಥಿಕ್ಸ್ ಕಮಿಟಿ ಒಪ್ಪಿಗೆ ಕೊಡಬೇಕು. 2019ರ ನಿಯಮಗಳ ಪ್ರಕಾರ ಅದರಲ್ಲಿ ಕನಿಷ್ಠ ಏಳು ಜನ ಇರಬೇಕು. ಅವರಲ್ಲಿ ಒಬ್ಬರು 'ಲೇ ಪರ್ಸನ್', ಅಂದರೆ ನಿಮ್ಮ ನನ್ನಂಥ ಸಾಮಾನ್ಯ ಮನುಷ್ಯ. ಆತ ಬರದಿದ್ದರೆ ಕೋರಂ ಇಲ್ಲ, ಒಪ್ಪಿಗೆಯೂ ಇಲ್ಲ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ?

ಆದರೆ ಆ ಕುರ್ಚಿಯಲ್ಲಿ ಕೂತವರ ಪಾಡು ಕೇಳಿ. ನಮ್ಮ ಬ್ಯಾಂಕಿನಿಂದ ರಿಟೈರ್ ಆದ ಹಿರಿಯರೊಬ್ಬರು ಇಲ್ಲೇ ಹೈದರಾಬಾದಿನ ಒಂದು ಕಮಿಟಿಯಲ್ಲಿದ್ದಾರೆ. ಸಭೆಗೆ ಎರಡು ದಿನ ಇದೆ ಅನ್ನುವಾಗ ಇನ್ನೂರು ಪುಟದ ಇಂಗ್ಲಿಷ್ ಕಟ್ಟು ಮನೆಗೆ ಬರುತ್ತಂತೆ. ತರಬೇತಿ ಅಂತ ಅರ್ಧ ದಿನ ಒಬ್ಬ ಡಾಕ್ಟರು ಉಳಿದ ಡಾಕ್ಟರುಗಳಿಗೆ ಹೇಳಿದ ಪಾಠ ಕೇಳಿ ಬಂದರಂತೆ. "ಟೀ ಕುಡಿದು ಸಹಿ ಹಾಕಿ ಬರ್ತೀನಪ್ಪಾ" ಅಂದರು. ಅವರನ್ನು ಬೈಯಲಾರೆ. ಕುರ್ಚಿ ಕೊಟ್ಟು ಕೈ ತೊಳೆದುಕೊಂಡವರನ್ನು ಬೈಯುತ್ತೇನೆ.

ನಾನು ಬಿಕಾಂ ಮಾಡಿ ಬ್ಯಾಂಕು ಸೇರಿದವನು. ಓದು ಬರಹ ಬಾರದವರು ಹೆಬ್ಬೆಟ್ಟು ಒತ್ತಿದರೆ ಏನು ಮಾಡಬೇಕು ಅಂತ ನಮಗೆ ಮೊದಲೇ ಹೇಳಿಕೊಡುತ್ತಾರೆ. ಕಾಗದದಲ್ಲಿರೋದನ್ನು ಅವರ ಭಾಷೆಯಲ್ಲಿ ಓದಿ ಹೇಳಬೇಕು, ಸಾಕ್ಷಿ ಬೇಕು. ಸಾಲದ ಕಾಗದಕ್ಕೇ ಇಷ್ಟು ಕಟ್ಟುಪಾಡು. ಮನುಷ್ಯರ ಮೈಮೇಲಿನ ಪ್ರಯೋಗಕ್ಕೆ ಸಹಿ ಹಾಕುವವನಿಗೆ ಏನೂ ಹೇಳಿಕೊಡೋದು ಬೇಡವೇ?

ಇದರಿಂದ ಮಹಾ ಏನಾಗುತ್ತೆ ಅಂತೀರಾ? ಖಮ್ಮಂ ನೆನಪಿಸಿಕೊಳ್ಳಿ. ಇನ್ನೂ ಅವಿಭಜಿತ ಆಂಧ್ರದಲ್ಲಿದ್ದ ಆ ಜಿಲ್ಲೆಯಲ್ಲಿ 2009ರಲ್ಲಿ 10ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಎಚ್‌ಪಿವಿ ಲಸಿಕೆಯ ಅಧ್ಯಯನ ನಡೆಯಿತು. ಲಸಿಕೆ ಬಗ್ಗೆ ನನ್ನ ತಕರಾರಿಲ್ಲ. ಆದರೆ ಎಷ್ಟೋ ಮಕ್ಕಳ ಒಪ್ಪಿಗೆ ಪತ್ರಕ್ಕೆ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳೇ ಸಹಿ ಹಾಕಿದ್ದರು. 2010ರಲ್ಲಿ ಕೆಲಸ ನಿಂತಿತು, 2013ರಲ್ಲಿ ಸಂಸದೀಯ ಸಮಿತಿ ಕಟುವಾಗಿ ಟೀಕಿಸಿತು. "ಸಹಿ ಯಾರದು? ಅಪ್ಪ ಅಮ್ಮಂದಿರಿಗೆ ಯಾರು ಹೇಳಿದರು?" ಇದು ಕೇಳೋಕೆ ಎಂಬಿಬಿಎಸ್ ಬೇಕಿಲ್ಲ. ಧೈರ್ಯ ಬೇಕು, ಹಿಂದೆ ಯಾರಾದರೂ ಇದ್ದಾರೆ ಅನ್ನೋ ಭರವಸೆ ಬೇಕು.

ತರಬೇತಿ ಕೊಟ್ಟರೆ ಅವನು ಸಾಮಾನ್ಯ ಮನುಷ್ಯನಾಗಿ ಉಳಿಯಲ್ಲ ಅಂತ ಕೆಲವು ಬುದ್ಧಿವಂತರ ವಾದ. ಅಲ್ಲಾ, ಅವನನ್ನು ಅರ್ಧ ಡಾಕ್ಟರ್ ಮಾಡಿ ಅಂತ ಯಾರು ಹೇಳಿದರು? ಒಪ್ಪಿಗೆ ಪತ್ರ ಓದೋದು ಹೇಗೆ, ತೊಂದರೆಯಾದರೆ ಚಿಕಿತ್ಸೆಯ ಖರ್ಚು ಯಾರದು ಅಂತ ಹುಡುಕೋದು ಎಲ್ಲಿ, ಒಪ್ಪದಿದ್ದರೆ ಅದನ್ನು ಮಿನಿಟ್ಸ್‌ನಲ್ಲಿ ಬರೆಸೋದು ಹೇಗೆ, ಇಷ್ಟು ಕಲಿಸಿ ಸಾಕು. ದಡ್ಡ ಪ್ರಶ್ನೆ ಅನ್ನಿಸಿದ್ದನ್ನು ಅಂಜದೆ ಕೇಳುವುದೂ ಒಂದು ವಿದ್ಯೆಯೇ.

ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಬರೆಯುವ 'ನೈಸ್' ಸಂಸ್ಥೆಯ ಸಮಿತಿಗಳಲ್ಲಿ ಇಂಥವರು ಕನಿಷ್ಠ ಇಬ್ಬರು ಇರುತ್ತಾರೆ. ಅವರಿಗೆ ತರಬೇತಿ ಇದೆ, ಸಭೆಗೆ ಬಂದಿದ್ದಕ್ಕೆ ಹಣವೂ ಇದೆ. ನಮ್ಮಲ್ಲೂ ಒಬ್ಬರ ಬದಲು ಇಬ್ಬರನ್ನು ಕೂರಿಸಿ. ಹತ್ತು ದಿನ ಮುಂಚೆ ಸರಳ ಭಾಷೆಯ ಎರಡು ಪುಟ ಸಾರಾಂಶ ಕೊಡಿ. ಆಟೋ ಖರ್ಚು ಕೊಡಿ. ಪಾಠ ಹೇಳೋರು ಆ ಆಸ್ಪತ್ರೆಯವರಾಗದೆ ಗ್ರಾಹಕ ಸಂಘಟನೆಯವರಾಗಲಿ.

ಇದು ನಮಗ್ಯಾಕೆ ಅಂತ ಪುಟ ಮುಚ್ಚಬೇಡಿ. ಈ ಊರಿನ ಕಟ್ಟಡಗಳಲ್ಲಿ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ನಮ್ಮವರು ಮಣ್ಣು ಹೊರುತ್ತಿದ್ದಾರೆ. ನಾಳೆ ಅವರಲ್ಲೊಬ್ಬನ ಮುಂದೆ ಒಪ್ಪಿಗೆ ಪತ್ರ ಬಂದರೆ ಅದು ಅವನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು, ಓದಲು ಬಾರದಿದ್ದರೆ ನಿಷ್ಪಕ್ಷಪಾತ ಸಾಕ್ಷಿ ಪಕ್ಕದಲ್ಲಿರಬೇಕು ಅನ್ನುತ್ತೆ ನಿಯಮ. "ಕನ್ನಡದ್ದು ಎಲ್ಲಿ?" ಅಂತ ಆ ಸಭೆಯಲ್ಲಿ ಕೇಳೋರು ಯಾರು? ಟೀ ಕುಡಿದು ಸಹಿ ಹಾಕಿ ಬರೋರಂತೂ ಅಲ್ಲ.

ರಿಟೈರ್ ಆಗಿ ಮನೆಯಲ್ಲಿ ಪೇಪರ್ ಓದುತ್ತಾ ಕೂತಿರುವ ಕನ್ನಡದ ಹಿರಿಯರೇ, ಕರೆ ಬಂದರೆ ಹೋಗಿ. ಆದರೆ ಮೊದಲು ತರಬೇತಿ ಕೇಳಿ, ಕಾಗದ ಓದೋಕೆ ಸಮಯ ಕೇಳಿ. ಕೊಡದಿದ್ದರೆ ಸಹಿ ಹಾಕಬೇಡಿ. ಕೋರಂ ನಿಮ್ಮ ಕೈಯಲ್ಲಿದೆ!