ಜೈನ ಕಾಶಿಯಲ್ಲಿ ಖಾಲಿಯಾದ ಸ್ಥಾನ: ಅಭಯಚಂದ್ರ ಜೈನ್ ಅವರ ಚುನಾವಣೆಗಳು ಹೇಳುವುದೇನು?

2023ರ ವಿಧಾನಸಭಾ ಚುನಾವಣೆಯಲ್ಲಿ ಮುಲ್ಕಿ-ಮೂಡುಬಿದಿರೆ ಕ್ಷೇತ್ರದ ಹಣಾಹಣಿ ನಡೆದದ್ದು ಬಿಜೆಪಿಯ ಉಮಾನಾಥ ಕೋಟ್ಯಾನ್ ಮತ್ತು ಕಾಂಗ್ರೆಸ್ಸಿನ ಮಿಥುನ್ ರೈ ಅವರ ನಡುವೆ. ರಾಜ್ಯದ ಉಳಿದವರಿಗೆ ಇದರಲ್ಲಿ ವಿಶೇಷವೇನೂ ಕಂಡಿರಲಿಕ್ಕಿಲ್ಲ. ಆದರೆ ಜೈನ ಸಮಾಜದ ದೃಷ್ಟಿಯಿಂದ ಅದೊಂದು ಗಮನಿಸಬೇಕಾದ ಬದಲಾವಣೆ. 1999, 2004, 2008, 2013, 2018, ಹೀಗೆ ಸತತ ಐದು ಚುನಾವಣೆಗಳಲ್ಲಿ ಇಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿದ್ದವರು ಕೆ. ಅಭಯಚಂದ್ರ ಜೈನ್. ಸಾವಿರ ಕಂಬದ ಬಸದಿಯ ಊರಿನಲ್ಲಿ, ಎರಡು ದಶಕಗಳ ನಂತರ ಮೊದಲ ಬಾರಿಗೆ, ಎರಡು ಪ್ರಮುಖ ಪಕ್ಷಗಳ ಪೈಕಿ ಒಂದರ ಅಭ್ಯರ್ಥಿಯೂ ಜೈನರಾಗಿರಲಿಲ್ಲ.

ಇದನ್ನು ಸಮಾಜಕ್ಕಾದ ಅನ್ಯಾಯ ಎಂದು ಹೇಳಿಬಿಡುವುದು ಸುಲಭ. ಅಂಕಿಗಳನ್ನು ನೋಡಿದರೆ ಹಾಗೆ ಹೇಳಲು ಬರುವುದಿಲ್ಲ.

2011ರ ಜನಗಣತಿಯಂತೆ ಕರ್ನಾಟಕದಲ್ಲಿ ಜೈನರ ಸಂಖ್ಯೆ 4,40,280. ಅಂದರೆ ಒಟ್ಟು ಜನಸಂಖ್ಯೆಯ ಶೇ. 0.72. ವಿಧಾನಸಭೆಯ 224 ಸ್ಥಾನಗಳಿಗೆ ಈ ಪ್ರಮಾಣವನ್ನು ಹಾಕಿದರೆ ಎರಡು ಸ್ಥಾನವೂ ತುಂಬುವುದಿಲ್ಲ. ಅದೂ ಜನ ಒಂದೇ ಕಡೆ ಇದ್ದಿದ್ದರೆ ಮಾತು. ಬೆಳಗಾವಿಯ ಹಳ್ಳಿಗಳಲ್ಲಿ, ತುಳುನಾಡಿನಲ್ಲಿ, ಹುಬ್ಬಳ್ಳಿ, ಮೈಸೂರು, ಬೆಂಗಳೂರು ನಗರಗಳಲ್ಲಿ ಹಂಚಿಹೋಗಿರುವ ಸಮಾಜ ತನ್ನ ಮತಗಳಿಂದಲೇ ಒಬ್ಬ ಶಾಸಕನನ್ನು ಗೆಲ್ಲಿಸಿಕೊಳ್ಳುವ ಕ್ಷೇತ್ರ ರಾಜ್ಯದಲ್ಲಿ ಒಂದೂ ಇಲ್ಲ. ಹದಿನೆಂಟು ಬಸದಿಗಳಿರುವ ಮೂಡುಬಿದಿರೆಯೂ ಇದಕ್ಕೆ ಹೊರತಲ್ಲ. ಅಲ್ಲಿ ಫಲಿತಾಂಶ ತೀರ್ಮಾನಿಸುವವರು ಬಿಲ್ಲವರು, ಬಂಟರು, ಮೊಗವೀರರು, ಮುಸ್ಲಿಮರು, ಕ್ರೈಸ್ತರು, ದಲಿತರು. ಅಭಯಚಂದ್ರ ಜೈನ್ ನಾಲ್ಕು ಬಾರಿ ಶಾಸಕರಾದದ್ದು ಇವರ ಮತಗಳಿಂದ.

ಕ್ಷೇತ್ರದ ಹಿನ್ನೆಲೆಯನ್ನೂ ನೆನಪಿಡಬೇಕು. ಜನತಾ ಪರಿವಾರದ ಹಿರಿಯ ನಾಯಕ, ಸಚಿವರೂ ಆಗಿದ್ದ ಕೆ. ಅಮರನಾಥ ಶೆಟ್ಟಿ ಅವರ ಹಿಡಿತದಲ್ಲಿದ್ದ ಕ್ಷೇತ್ರವಿದು. 1994ರಲ್ಲಿ ಗೆದ್ದವರು ಅವರೇ. ಎಸ್.ಎಂ. ಕೃಷ್ಣ ಅವರ ನಾಯಕತ್ವದಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದ 1999ರಲ್ಲಿ ಮೂಡುಬಿದಿರೆ ಅಭಯಚಂದ್ರ ಜೈನ್ ಪಾಲಾಯಿತು. ಆ ಗೆಲುವಿಗೆ ರಾಜ್ಯದ ಗಾಳಿ ನೆರವಾಗಿತ್ತು ಎನ್ನಬಹುದು. ಆದರೆ 2004ರಲ್ಲಿ ಅಂಥ ಗಾಳಿ ಇರಲಿಲ್ಲ. ಪಕ್ಕದ ಬಂಟ್ವಾಳದಲ್ಲಿ ರಮಾನಾಥ ರೈ ಅವರಂಥ ಪ್ರಭಾವಿಯೇ ಸೋತರು. ಮೂಡುಬಿದಿರೆ ಕಾಂಗ್ರೆಸ್ ಕೈಯಲ್ಲೇ ಉಳಿಯಿತು. ಬಿಜೆಪಿ ಮೊದಲ ಬಾರಿಗೆ ತನ್ನದೇ ಸರ್ಕಾರ ರಚಿಸಿದ 2008ರಲ್ಲಿ ದಕ್ಷಿಣ ಕನ್ನಡದ ಎಂಟು ಸ್ಥಾನಗಳು ನಾಲ್ಕು-ನಾಲ್ಕಾಗಿ ಹಂಚಿಹೋದಾಗಲೂ ಕಾಂಗ್ರೆಸ್ಸಿನ ನಾಲ್ಕರಲ್ಲಿ ಮೂಡುಬಿದಿರೆ ಒಂದಾಗಿತ್ತು. ಈ ಎರಡು ಗೆಲುವುಗಳೇ ಅವರ ರಾಜಕೀಯ ಜೀವನದ ನಿಜವಾದ ಬಂಡವಾಳ.

ಅದು ಸಾಧ್ಯವಾದದ್ದು ಹೇಗೆ? ಕರಾವಳಿಯಲ್ಲಿ ಶಾಸಕನಾದವನು ನೇಮ, ಕಂಬಳ, ಉರೂಸ್, ಚರ್ಚಿನ ಹಬ್ಬ ಯಾವುದನ್ನೂ ತಪ್ಪಿಸುವಂತಿಲ್ಲ. ಮದುವೆ ಮನೆಗೂ ಹೋಗಬೇಕು, ಸಾವಿನ ಮನೆಗೂ ಹೋಗಬೇಕು. ಜೊತೆಗೆ, ದೊಡ್ಡ ಸಮುದಾಯಗಳು ಒಂದರ ಅಭ್ಯರ್ಥಿಯನ್ನು ಇನ್ನೊಂದು ಅನುಮಾನದಿಂದ ನೋಡುವ ಕಡೆ, ಸಣ್ಣ ಸಮುದಾಯದವನು ಯಾರ ಪಾಲನ್ನೂ ಕಸಿಯುವವನಲ್ಲ ಎಂಬ ಭಾವನೆ ಇರುತ್ತದೆ. ತುಳುನಾಡಿನಲ್ಲಿ ಜೈನ ಅರಸುಮನೆತನ, ಬೀಡುಗಳಿಗೂ ಊರಿನ ದೈವಸ್ಥಾನಗಳಿಗೂ ಇರುವ ಹಳೆಯ ಸಂಬಂಧ ಈ ಒಪ್ಪಿಗೆಗೆ ಬುನಾದಿ ಹಾಕಿತ್ತು. ಇದೆಲ್ಲ ಸೇರಿದರೆ ಮಾತ್ರ ಶೇ. 1ಕ್ಕಿಂತ ಕಡಿಮೆ ಇರುವ ಸಮಾಜದ ವ್ಯಕ್ತಿ ಹದಿನೆಂಟು-ಹತ್ತೊಂಬತ್ತು ವರ್ಷ ಶಾಸಕನಾಗಿ ಉಳಿಯಬಲ್ಲ.

2013ರಲ್ಲಿ ನಾಲ್ಕನೆಯ ಗೆಲುವು. ದಕ್ಷಿಣ ಕನ್ನಡದ ಎಂಟರಲ್ಲಿ ಏಳು ಸ್ಥಾನಗಳು ಕಾಂಗ್ರೆಸ್ಸಿಗೆ ಬಂದವು. ಬಿಜೆಪಿಗೆ ಉಳಿದದ್ದು ಸುಳ್ಯ ಮಾತ್ರ. ಇಷ್ಟು ಅನುಕೂಲದ ವರ್ಷದಲ್ಲೂ ಅಭಯಚಂದ್ರ ಜೈನ್ ಅವರ ಅಂತರ ಕೇವಲ 4,550. ಅವರಿಗೆ 53,180, ಉಮಾನಾಥ ಕೋಟ್ಯಾನ್ ಅವರಿಗೆ 48,630 ಮತ. ಎಚ್ಚರಿಕೆಯ ಗಂಟೆ ಅಂದೇ ಬಾರಿಸಿತ್ತು, ಗೆಲುವಿನ ಸಂಭ್ರಮದಲ್ಲಿ ಕೇಳಿಸಲಿಲ್ಲ.

ಸಿದ್ದರಾಮಯ್ಯ ಸಂಪುಟದಲ್ಲಿ ಅವರಿಗೆ ಸಿಕ್ಕಿದ್ದು ಯುವಜನ ಸೇವೆ ಮತ್ತು ಕ್ರೀಡೆ, ಜೊತೆಗೆ ಮೀನುಗಾರಿಕೆ. ಅಹಿಂಸೆಯೇ ಪರಮ ಧರ್ಮ ಎನ್ನುವ ಸಮಾಜದವರಿಗೆ ಮೀನುಗಾರಿಕೆ ಖಾತೆಯೇ ಎಂದು ಹುಬ್ಬೇರಿಸುವವರು ಇರಬಹುದು. ಆದರೆ ಕರಾವಳಿಯ ಸಚಿವನಿಗೆ ಆ ಖಾತೆ ಎಂದರೆ ದೋಣಿಗಳ ಡೀಸೆಲ್ ಸಬ್ಸಿಡಿ, ನಾಡದೋಣಿಗಳ ಸೀಮೆಎಣ್ಣೆ, ಬಂದರಿನ ಹೂಳು, ಮಳೆಗಾಲದ ನಿಷೇಧದ ದಿನಗಳಲ್ಲಿ ಮೊಗವೀರ ಕುಟುಂಬಗಳ ಹೊಟ್ಟೆಪಾಡು. ವ್ರತ ಮನೆಯಲ್ಲಿ, ಹೊಣೆ ಕಚೇರಿಯಲ್ಲಿ. ಎರಡನ್ನೂ ಗೊಂದಲ ಮಾಡಿಕೊಳ್ಳದೆ ನಡೆಯಬೇಕಾದ ಖಾತೆಯದು. ಅವಧಿ ಪೂರ್ತಿಯಾಗಲಿಲ್ಲ. 2016ರ ಜೂನ್‌ನಲ್ಲಿ ಸಂಪುಟ ಪುನಾರಚನೆಯಾದಾಗ ಕೈಬಿಟ್ಟ 14 ಸಚಿವರಲ್ಲಿ ಅವರೂ ಒಬ್ಬರು. ಖಾತೆಗಳು ಉಡುಪಿಯ ಪ್ರಮೋದ್ ಮಧ್ವರಾಜ್ ಅವರಿಗೆ ಹೋದವು. ಬೀದಿಗಿಳಿದು ಪ್ರಶ್ನಿಸುವಷ್ಟು ಸಂಖ್ಯಾಬಲ ಹಿಂದೆ ಇಲ್ಲದ ಸಚಿವರನ್ನು ಕೈಬಿಡುವುದು ಯಾವ ಪಕ್ಷಕ್ಕೂ ಕಷ್ಟವಲ್ಲ.

ಮುಂದಿನ ಬಾರಿ ಸ್ಪರ್ಧಿಸುವುದಿಲ್ಲ, ಯುವ ನಾಯಕ ಮಿಥುನ್ ರೈ ಅವರಿಗೆ ಬಿಟ್ಟುಕೊಡಲು ಸಿದ್ಧ ಎಂದು ಅವರು 2018ಕ್ಕೆ ಮೊದಲೇ ಹೇಳಿದ್ದರು. ಆದರೂ ಟಿಕೆಟ್ ಅವರಿಗೇ ಬಂತು. ಫಲಿತಾಂಶ: ಉಮಾನಾಥ ಕೋಟ್ಯಾನ್ 87,444, ಅಭಯಚಂದ್ರ ಜೈನ್ 57,645. ಅಂತರ 29,799.

ಈ ಅಂಕಿಗಳನ್ನು ಇನ್ನೊಮ್ಮೆ ನೋಡಬೇಕು. ಸೋತ ವರ್ಷ ಅವರಿಗೆ ಬಿದ್ದ ಮತ, ಗೆದ್ದ ವರ್ಷಕ್ಕಿಂತ 4,465 ಹೆಚ್ಚು! ಅವರ ಹಿಂದಿದ್ದ ಜನ ಒಟ್ಟಾರೆಯಾಗಿ ಕಡಿಮೆಯಾಗಲಿಲ್ಲ. ಬದಲಾದದ್ದು ಎದುರಿನ ಕಡೆ. ಬಿಜೆಪಿಯ ಮತ ಐದೇ ವರ್ಷಗಳಲ್ಲಿ 38 ಸಾವಿರಕ್ಕೂ ಹೆಚ್ಚು ಏರಿತು. ಹಿಂದೆ ಬೇರೆಯವರಿಗೆ ಹೋಗುತ್ತಿದ್ದ ಮತ, ಹೊಸ ಮತದಾರರ ಮತ, ಬಹುಪಾಲು ಒಂದೇ ಪೆಟ್ಟಿಗೆಗೆ ಬಿತ್ತು ಎಂದೇ ಇದರ ಅರ್ಥ. ಜಿಲ್ಲೆಯ ಎಂಟರಲ್ಲಿ ಏಳು ಬಿಜೆಪಿಗೆ, ಉಡುಪಿಯ ಐದಕ್ಕೆ ಐದೂ ಬಿಜೆಪಿಗೆ ಹೋದ ಚುನಾವಣೆಯದು. ಅಭ್ಯರ್ಥಿ ಯಾರು ಎಂಬುದು ಮುಖ್ಯವಾಗದೆ, ಚಿಹ್ನೆ ಯಾವುದು ಎಂಬುದೇ ಮುಖ್ಯವಾದಾಗ ವೈಯಕ್ತಿಕ ಸಂಪರ್ಕದ ಬಂಡವಾಳಕ್ಕೆ ಬೆಲೆ ಇಳಿಯುತ್ತದೆ. 2023 ಅದನ್ನು ದೃಢಪಡಿಸಿತು: ಬಂಟ ಸಮುದಾಯದ ಮಿಥುನ್ ರೈ ಕಣಕ್ಕಿಳಿದು 64,457 ಮತ ಪಡೆದರೂ 22 ಸಾವಿರಕ್ಕೂ ಹೆಚ್ಚು ಅಂತರದಿಂದ ಸೋತರು. ಹಾಗಾಗಿ ಅಭಯಚಂದ್ರ ಜೈನ್ ಜೈನರೆಂಬ ಕಾರಣಕ್ಕೆ ಸೋತರು ಎನ್ನುವ ವಾದ ನಿಲ್ಲುವುದಿಲ್ಲ. ಜೈನರೆಂಬ ಕಾರಣಕ್ಕೆ ಗೆದ್ದರು ಎಂಬುದೂ ಅಷ್ಟೇ.

ಇದು ಒಂದು ಪಕ್ಷದ ಕಥೆಯೂ ಅಲ್ಲ. 2008ರ ವಿಧಾನಸಭೆಯಲ್ಲಿ ಅವರ ಜೊತೆಗೆ ಬೆಳಗಾವಿ ದಕ್ಷಿಣದ ಅಭಯ ಪಾಟೀಲ, ಬೆಳಗಾವಿ ಗ್ರಾಮೀಣದ ಸಂಜಯ ಪಾಟೀಲ ಬಿಜೆಪಿಯಿಂದ ಇದ್ದರು. ಹಿರಿಯೂರಿನಿಂದ ಪಕ್ಷೇತರರಾಗಿ ಗೆದ್ದ ಡಿ. ಸುಧಾಕರ್ ಸಚಿವರಾದರು. 2013ರಲ್ಲಿ ಈ ನಾಲ್ವರಲ್ಲಿ ಅಭಯ ಪಾಟೀಲ ಸೋತರು, ಉಳಿದ ಮೂವರು ಗೆದ್ದರು. 2018ರಲ್ಲಿ ತಿರುವುಮುರುವು: ಅಭಯ ಪಾಟೀಲ ಒಬ್ಬರೇ ಗೆದ್ದು, ಮೂವರೂ ಸೋತರು. 2023ರಲ್ಲಿ ಅಭಯ ಪಾಟೀಲ ಸ್ಥಾನ ಉಳಿಸಿಕೊಂಡರು, ಕಾಂಗ್ರೆಸ್ಸಿನಿಂದ ಸುಧಾಕರ್ ಮರಳಿ ಗೆದ್ದು ಮತ್ತೆ ಸಚಿವರಾದರು. ಸಂಜಯ ಪಾಟೀಲರಿಗೆ ಟಿಕೆಟ್ಟೇ ಸಿಗಲಿಲ್ಲ.

ಬೆಳಗಾವಿ ದಕ್ಷಿಣದ ಲೆಕ್ಕ ಮೂಡುಬಿದಿರೆಗಿಂತ ಬೇರೆ. ಅಲ್ಲಿ ಪ್ರಶ್ನೆ ಧರ್ಮದ್ದಲ್ಲ, ಭಾಷೆಯದು. ಮರಾಠಿ ಮಾತನಾಡುವವರು ಹೆಚ್ಚಿರುವ ಕ್ಷೇತ್ರದಲ್ಲಿ 2018ರಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿ ಒಡೆದಿತ್ತು. ಅಭಯ ಪಾಟೀಲರ ಅಂತರ 58 ಸಾವಿರ ದಾಟಿತು. 2023ರಲ್ಲಿ ಸಮಿತಿ ಬೆಂಬಲದ ರಮಾಕಾಂತ ಕೊಂಡುಸ್ಕರ್ ಒಬ್ಬರೇ ಎದುರಾದಾಗ ಅದು ಸುಮಾರು 12 ಸಾವಿರಕ್ಕೆ ಇಳಿಯಿತು. ಮೂಡುಬಿದಿರೆಯಲ್ಲಿ ಎದುರಾಳಿ ಮತ ಒಂದಾದದ್ದು ಶಾಸಕನನ್ನು ಸೋಲಿಸಿತು. ಬೆಳಗಾವಿಯಲ್ಲಿ ಅದೇ ಅಪಾಯ ಅಂಚಿನವರೆಗೆ ಬಂದು ನಿಂತಿದೆ.

ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು 2022ರಲ್ಲಿ ರಾಜ್ಯಸಭೆಗೆ ನಾಮನಿರ್ದೇಶನಗೊಂಡಾಗ ಸಮಾಜ ಸಂಭ್ರಮಿಸಿತು. ಸಂಭ್ರಮ ಸಹಜವೇ. ಆದರೆ ನಾಮನಿರ್ದೇಶನ ಸಾಧನೆಗೆ ಸಲ್ಲುವ ಗೌರವ. ರಸ್ತೆ, ಶಾಲೆ, ಪಹಣಿ, ಅಲ್ಪಸಂಖ್ಯಾತ ಪ್ರಮಾಣಪತ್ರದ ಕೆಲಸಕ್ಕೆ ಜನ ಹೋಗುವುದು ಶಾಸಕರ ಬಳಿಗೆ. 2014ರಲ್ಲಿ ಕೇಂದ್ರ ಸರ್ಕಾರ ಜೈನರಿಗೆ ರಾಷ್ಟ್ರಮಟ್ಟದಲ್ಲಿ ಅಲ್ಪಸಂಖ್ಯಾತ ಸ್ಥಾನ ನೀಡಿದರೂ, ಅದರಿಂದ ಶಾಸನಸಭೆಯಲ್ಲಿ ಮೀಸಲು ಸ್ಥಾನವೇನೂ ಬರುವುದಿಲ್ಲ. ಅಲ್ಲಿಗೆ ಹೋಗುವ ದಾರಿ ಪಕ್ಷದ ಟಿಕೆಟ್ ಮತ್ತು ಪರರ ಮತ, ಎರಡೇ.

ಆ ಟಿಕೆಟ್‌ಗೆ ಅರ್ಹರಾಗುವವರು ಬರುವುದು ಗ್ರಾಮ ಪಂಚಾಯಿತಿ, ಪುರಸಭೆ, ಸಹಕಾರ ಸಂಘಗಳಿಂದ. ಮುಲ್ಕಿ-ಮೂಡುಬಿದಿರೆಯ ಮಟ್ಟಿಗೆ ಕೇಳಬೇಕಾದ ಪ್ರಶ್ನೆಯೂ ಅದೇ: ಅಭಯಚಂದ್ರ ಜೈನ್ ಶಾಸಕರಾಗಿದ್ದ ಆ ವರ್ಷಗಳಲ್ಲಿ, ನೇಮಕ್ಕೂ ಉರೂಸಿಗೂ ಹೋಗಿ ಎಲ್ಲರ ಮನೆಯವನಾಗಬಲ್ಲ ಎಷ್ಟು ಮಂದಿ ಜೈನ ಯುವಕ-ಯುವತಿಯರು ಆ ಕಡೆಯಾಗಲಿ, ಈ ಕಡೆಯಾಗಲಿ ತಯಾರಾದರು? ಸದ್ಯಕ್ಕೆ ಎರಡೂ ಪಕ್ಷಗಳ ಮುಂದಿನ ಸಾಲಿನಲ್ಲಿ ಅಂಥ ಹೆಸರು ಸುಲಭವಾಗಿ ಕಾಣುವುದಿಲ್ಲ.