ನಗದೋ? ಕಂತೋ?

ನನ್ನ ತಮ್ಮನಿಗೆ ಕಳೆದ ತಿಂಗಳು ಮೋಟಾರ್ ಸೈಕಲ್ಲಿನ ಮೋಹ ಹತ್ತಿತು. ಬೆಲೆ 1,20,000 ರೂಪಾಯಿ. ಅವನ ಕೈಯಲ್ಲಿದ್ದುದು 20,000. ಉಳಿದ ಲಕ್ಷಕ್ಕೆ ಮೂರು ವರ್ಷದ ಸಾಲವುಂಟು, ಬಡ್ಡಿ ಶೇಕಡಾ 10 ಮಾತ್ರವೆಂದು ಅಂಗಡಿಯವರು ಅಭಯವಿತ್ತಿದ್ದರಂತೆ.

ಲೆಕ್ಕಕ್ಕೂ ಕನ್ನಡ ಮೇಷ್ಟರಾದ ನನಗೂ ಎಣ್ಣೆ ಸೀಗೆಕಾಯಿಯ ನಂಟು. ಆದರೂ ಕಾಗದ ಹಿಡಿದು ಕುಳಿತೆ. ವರ್ಷಕ್ಕೆ 10,000ದಂತೆ ಬಡ್ಡಿಯೇ 30,000. ತಿಂಗಳ ಕಂತು 3,611. ಕೊನೆಯ ತಿಂಗಳು ಅಸಲು ಒಂದು ಕಂತಿನಷ್ಟೂ ಉಳಿದಿರದು. ಬಡ್ಡಿ ಮಾತ್ರ ಇಡೀ ಲಕ್ಷದ ಮೇಲೆಯೇ! ತೀರುತ್ತ ಬರುವ ಬಾಕಿಗೆ ಹಚ್ಚಿ ನೋಡಿದರೆ, ಆ ಹತ್ತು ವಾಸ್ತವವಾಗಿ ಹದಿನೆಂಟರ ಹತ್ತಿರ.

"ಹಾಗಾದರೆ ನಗದೇ ಕೊಡೋಣ. ಬ್ಯಾಂಕಿನಲ್ಲಿ ಠೇವಣಿ ಇದೆಯಲ್ಲ" ಎಂದರು ತಂದೆ. ತಮ್ಮನ ಮುಖ ಅರಳಿತು. ಅದು ಅಮ್ಮನ ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಇಟ್ಟ ಹಣ. "ನನಗೇನು ಅವಸರ?" ಎಂದು ಅಮ್ಮ ಒಳಗೆ ಹೋದರು. ಅರಳಿದ ಮುಖ ಬಾಡಿತು.

ನಗದಿಗೆ ಬಡ್ಡಿಯಿಲ್ಲ, ನಿಜ. ಆದರೆ ಆಪತ್ತಿಗೆಂದು ಕಟ್ಟಿಟ್ಟ ಗಂಟನ್ನು ಬಿಚ್ಚಿ ಕೊಟ್ಟ ನಗದು ಸಾಲಕ್ಕಿಂತಲೂ ದುಬಾರಿ. ಇನ್ನು, ಸಾಲ ಮಾಡಲೇಬೇಕಾದವರು ಮೊದಲು ಒಂದು ಪ್ರಶ್ನೆ ಕೇಳಲಿ: "ಬಡ್ಡಿ ಮೂಲಸಾಲದ ಮೇಲೋ, ಉಳಿದ ಬಾಕಿಯ ಮೇಲೋ?"

ತಮ್ಮ ಈಗ ಬಸ್ಸಿನಲ್ಲಿಯೇ ಓಡಾಡುತ್ತಾನೆ. ನಿನ್ನೆ ಮೊದಲ ಕಂತು 3,611 ರೂಪಾಯಿ ಕಟ್ಟಿಬಂದ, ತನ್ನದೇ ಉಳಿತಾಯದ ಖಾತೆಗೆ. 36 ತಿಂಗಳ ಸಾಲದ ಲಕ್ಷ ಅಲ್ಲಿ 28 ತಿಂಗಳಿಗೇ ತುಂಬುತ್ತದೆ. ಅಮ್ಮನ ಶಸ್ತ್ರಚಿಕಿತ್ಸೆ ಬರುವ ವಾರ.