ಬಿದ್ದವರು ಯಾರು?

ಬೆನ್ನುಹುರಿಗೆ ಪೆಟ್ಟಾದವರ ಪುನರ್ವಸತಿ ವಾರ್ಡಿಗೆ ಹೋಗಿ ನೋಡಿ ಸ್ವಾಮಿ. ಅಲ್ಲಿರೋರು ಬಹುಪಾಲು ಗಂಡಸರು, ದುಡಿಯೋ ವಯಸ್ಸಿನವರು. ಒಬ್ಬ ಸಾರುವೆಯಿಂದ ಬಿದ್ದವನು, ಒಬ್ಬ ತೆಂಗಿನ ಮರದಿಂದ, ಇನ್ನೊಬ್ಬನಿಗೆ ಲಾರಿ ಗುದ್ದಿದೆ. ನಮ್ಮ ದೇಶದಲ್ಲಿ ಎತ್ತರದಿಂದ ಬೀಳೋದೇ ಇದಕ್ಕೆ ದೊಡ್ಡ ಕಾರಣ. ಎತ್ತರಕ್ಕೆ ಹತ್ತಿಸಿದವರು ಯಾರು? ಅದನ್ನು ಯಾವ ಫಾರಮ್ಮೂ ಕೇಳೋದಿಲ್ಲ.

‘ತಡವಾಗಿ ಬಂದ, ಹಾಸಿಗೆ ಹುಣ್ಣಾಗಿದೆ’ ಅಂತ ಬರೀತಾರೆ. ಹೌದು, ತಡವಾಗಿಯೇ ಬಂದೆವು. ಮುರಿದ ಬೆನ್ನನ್ನು ಹಲಗೆಯ ಮೇಲೆ ನೆಟ್ಟಗೆ ಮಲಗಿಸಿ ತರಬೇಕು. ನಮ್ಮನ್ನು ಕೈಕಾಲು ಹಿಡಿದು ಆಟೋದೊಳಕ್ಕೆ ತುರುಕಿದರು. 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಬದಲಿಸೋ ಹೆಂಡತಿ ಕೂಲಿಗೆ ಹೋದಳು. ಹೋಗದಿದ್ದರೆ ಒಲೆ ಉರಿಯೋದು ಹೆಂಗೆ?

ಇದನ್ನು ಕರ್ಮ ಅನ್ನಬೇಡಿ. ಕಟ್ಟಡ ಕಾರ್ಮಿಕರಿಗೆ ಕಾನೂನು ಬಂದದ್ದು 1996ರಲ್ಲಿ, ಅಂಗವಿಕಲರ ಹಕ್ಕಿಗೆ ಕಾನೂನು ಬಂದದ್ದು 2016ರಲ್ಲಿ. ನಾವು ಹತ್ತೋ ಸಾರುವೆಗೆ ಬೆಲ್ಟು ಮಾತ್ರ ಇನ್ನೂ ಬಂದಿಲ್ಲ. ತಲೆತಲಾಂತರ ನಮ್ಮ ಬೆನ್ನು ಬಗ್ಗಿಸಿದಿರಿ, ಈಗ ಮುರಿದಿದ್ದೀರಿ.

ನಿಮ್ಮ ಅಯ್ಯೋಪಾಪ ನಮಗೆ ಬೇಡ. ಬೀಳದ ಹಾಗೆ ಬೆಲ್ಟು, ಬಲೆ ಕೊಡಿ. ಬಿದ್ದವನಿಗೆ ಗಾಲಿಕುರ್ಚಿ, ಕೇರಿಯೊಳಗೆ ಅದು ಓಡೋ ದಾರಿ, ಕೂತು ಮಾಡೋ ಕೆಲಸ ಕೊಡಿ. ಕೊಡೋವರೆಗೂ ಕೂತಲ್ಲಿಂದಲೇ ಕೇಳ್ತೀವಿ.